ಎರೆಗದ್ದೆಯಲ್ಲಿ ಮೊಳಕೆ ಭತ್ತ: ಕೆಸರು ಯಾವಾಗ ಬಿತ್ತನೆಗೆ ಹದ?

ಪ್ರಶ್ನೆ: ಸಿಂಧನೂರು ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಎರೆಭೂಮಿ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ. ನಾಟಿಗೆ ಆಳು ಸಿಗದ ಕಾರಣ ಕಳೆದ ಮುಂಗಾರಿನಲ್ಲಿ ಡ್ರಮ್ ಸೀಡರ್ (ಮೊಳಕೆ ಬೀಜವನ್ನು ರಂಧ್ರಗಳಿಂದ ಸಾಲಾಗಿ ಬೀಳಿಸುವ, ಕೈಯಿಂದ ಎಳೆಯುವ ಉಪಕರಣ) ಬಾಡಿಗೆಗೆ ತಂದು, ಬೆಳಿಗ್ಗೆ ಕೆಸರು ಮಾಡಿ, ಹಲಗೆ ಹೊಡೆದು ಮಟ್ಟ ಮಾಡಿ, ಅದೇ ಸಂಜೆ ಮೊಳಕೆ ಬೀಜ ಬಿತ್ತಿದೆವು. ಒಂದು ಎಕರೆಯಷ್ಟು ಚೆನ್ನಾಗಿ ಹುಟ್ಟಿತು. ಉಳಿದ ಕಡೆ ತೇಪೆ ಹಾಕಿದಂತೆ ಅಲ್ಲಲ್ಲಿ ಮಾತ್ರ ಬಂದಿತು, ಖಾಲಿ ಬಿದ್ದ ಜಾಗದಲ್ಲಿ ಕಳೆ ತುಂಬಿತು. ಕೊನೆಗೆ ಬೇರೆಯವರ ಸಸಿ ತಂದು ನಾಟಿ ಮಾಡಿಸಬೇಕಾಯಿತು. ಬೀಜದಲ್ಲಿ ದೋಷವಿರಲಿಲ್ಲ, ಮೊಳಕೆ ನೋಡಿಯೇ ಬಿತ್ತಿದ್ದೆವು. ಈ ಸಲ ಭೂಮಿಯನ್ನು ಹೇಗೆ ಸಿದ್ಧಪಡಿಸಬೇಕು?

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಬಹುಪಾಲು ಇದೆ. "ಬೆಳಿಗ್ಗೆ ಕೆಸರು ಮಾಡಿ, ಅದೇ ಸಂಜೆ ಬಿತ್ತಿದೆವು" ಎಂದು ಬರೆದಿದ್ದೀರಿ. ಮರಳು ಮಿಶ್ರಿತ ಕೆಂಪು ಭೂಮಿಯಲ್ಲಿ ಹೀಗೆ ಮಾಡಿದ್ದರೆ ಬಹುಶಃ ತೊಂದರೆಯಾಗುತ್ತಿರಲಿಲ್ಲ. ಎರೆಯಲ್ಲಿ ಮಾತ್ರ ಅಂದು ಸಂಜೆಯ ಕೆಸರು ಇನ್ನೂ ಅಂಬಲಿಯಂತೆ ಇರುತ್ತದೆ. ಅದರ ಮೇಲೆ ಬಿದ್ದ ಬೀಜ ನಿಲ್ಲದೆ ಮುಳುಗುತ್ತದೆ. ನೀರಿನಲ್ಲಿ ಇನ್ನೂ ತೇಲುತ್ತಿರುವ ಜೇಡಿ ರಾತ್ರಿಯಿಡೀ ನಿಧಾನವಾಗಿ ಇಳಿದು, ಬೀಜದ ಮೇಲೆ ಇನ್ನೊಂದು ಪದರವಾಗಿ ಕೂರುತ್ತದೆ. ನೀವು ಬಿತ್ತಿದ್ದು ಮೇಲ್ಮೈಯಲ್ಲಿ, ಬೆಳಗಾಗುವಷ್ಟರಲ್ಲಿ ಬೀಜ ಇದ್ದದ್ದು ಎರಡು ಮೂರು ಸೆಂಟಿಮೀಟರ್ ಆಳದಲ್ಲಿ. ಮೊಳಕೆ ಭತ್ತದ ಸೋಲು ಗೆಲುವು ಬಹುಮಟ್ಟಿಗೆ ಕೊನೆಯ ಹಲಗೆ ಹೊಡೆದ ಕ್ಷಣದಿಂದ ಬೀಜ ಬೀಳುವ ಕ್ಷಣದವರೆಗಿನ ಕಾಯುವಿಕೆಯಲ್ಲಿ ನಿರ್ಧಾರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆ ಕಾಯುವಿಕೆ ಎಷ್ಟು ಗಂಟೆ ಎಂಬುದನ್ನು ಗಡಿಯಾರವಲ್ಲ, ನಿಮ್ಮ ಗದ್ದೆಯ ಮಣ್ಣೇ ಹೇಳಬೇಕು.

ಮುಳುಗಿದ ಬೀಜಕ್ಕೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವ ಎಲ್ಲ ಕೆಲಸಗಳಿಗೂ ಅದೇ ಕಾರಣ. ಭತ್ತ ನೀರಿನ ಬೆಳೆ ಎಂದು ನಾವು ಅಂದುಕೊಂಡರೂ ಅದರ ಬೀಜಕ್ಕೆ ಬೇರು ಬಿಡಲು ಗಾಳಿ ಬೇಕೇ ಬೇಕು. ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಹೀಗಾಗಿ ಕೆಸರಿನ ಮೇಲ್ಪದರದ ಕೆಲವು ಮಿಲಿಮೀಟರ್ ಬಿಟ್ಟರೆ ಕೆಳಗೆ ಉಸಿರಾಟಕ್ಕೆ ಏನೂ ಇರುವುದಿಲ್ಲ. ಅಂತಹ ಜಾಗದಲ್ಲಿ ಸಿಕ್ಕಿಕೊಂಡ ಭತ್ತದ ಬೀಜ ತಕ್ಷಣ ಸಾಯುವುದಿಲ್ಲ. ತನ್ನಲ್ಲಿರುವ ಆಹಾರವನ್ನೆಲ್ಲ ಖರ್ಚು ಮಾಡಿ ಒಂದು ಬಿಳಿ ಎಳೆಯನ್ನು ಮೇಲಕ್ಕೆ ಕಳುಹಿಸಿ ಗಾಳಿಯನ್ನು ಹುಡುಕುತ್ತದೆ, ಬೇರನ್ನು ಮಾತ್ರ ಬಿಡುವುದಿಲ್ಲ. ಆ ಎಳೆ ಮೇಲ್ಮೈ ಮುಟ್ಟಿದರೆ ಬೀಜ ಬದುಕುತ್ತದೆ, ಮುಟ್ಟದಿದ್ದರೆ ಅಲ್ಲಿಯೇ ಕೊಳೆಯುತ್ತದೆ.

ಈ ಸಲ ಬಿತ್ತಿದ ನಾಲ್ಕನೆಯ ಅಥವಾ ಐದನೆಯ ದಿನ ಮೊಳಕೆ ಕಾಣದ ಜಾಗದಲ್ಲಿ ಬೆರಳಿನಿಂದ ಕೆಸರನ್ನು ಮೆಲ್ಲಗೆ ಸರಿಸಿ ಒಂದೆರಡು ಬೀಜ ಹೊರತೆಗೆದು, ಅಂಗೈ ಮೇಲಿಟ್ಟು ತೊಳೆದು ನೋಡಿ. ಉದ್ದನೆಯ ಬಿಳಿ ಎಳೆ ಇದ್ದು ಬೇರು ಇಲ್ಲದಿದ್ದರೆ ಬೀಜ ಆಳಕ್ಕೆ ಹೋಗಿದೆ, ಅಂದರೆ ನೀವು ಬೇಗ ಬಿತ್ತಿದ್ದೀರಿ ಎಂದರ್ಥ. ಬೀಜ ಮೇಲೆಯೇ ಇದ್ದು, ಬೇರು ಮಣ್ಣಿಗಿಳಿಯದೆ ಮೇಲ್ಮೈಯಲ್ಲಿಯೇ ಸುರುಳಿ ಸುತ್ತಿಕೊಂಡು ಒಣಗಿದ್ದರೆ ಕೆಸರು ಗಟ್ಟಿಯಾದ ಮೇಲೆ, ಅಂದರೆ ತಡವಾಗಿ ಬಿತ್ತಿದ್ದೀರಿ. ಬೀಜವೇ ಸಿಗದಿದ್ದರೆ ಹಕ್ಕಿಯೋ ಮಳೆನೀರೋ ಒಯ್ದಿದೆ. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. ಆದರೆ ನಾನು ನೋಡಿದ ಹೆಚ್ಚಿನ ಕಡೆ ರೈತರು ಇದನ್ನು ಪರೀಕ್ಷಿಸದೆ "ಬೀಜ ಸರಿಯಿಲ್ಲ" ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಿರುತ್ತಾರೆ.

ಇನ್ನು ಭೂಮಿಯ ಸಿದ್ಧತೆಗೆ ಬರೋಣ. ಕೆಸರು ಬಿತ್ತನೆಯ ಸಿದ್ಧತೆ ಶುರುವಾಗುವುದು ಒಣಭೂಮಿಯಲ್ಲಿ, ಕಾಲುವೆಗೆ ನೀರು ಬರುವ ಮೊದಲು. ಅದರಲ್ಲಿಯೂ ಮುಖ್ಯವಾದುದು ಮಟ್ಟ. ನಾಟಿಯಲ್ಲಿ ಒಂದು ಗೇಣು ಎತ್ತರದ ಸಸಿ ಇರುವುದರಿಂದ ಗದ್ದೆಯ ಒಂದು ಮೂಲೆ ಎರಡು ಇಂಚು ತಗ್ಗಿದ್ದರೂ ನಡೆಯುತ್ತದೆ. ಕೆಸರಿನ ಮೇಲೆ ಕುಳಿತ ಮೊಳಕೆಗೆ ಎರಡು ಇಂಚು ತಗ್ಗು ಎಂದರೆ ಕೆರೆಯಲ್ಲಿ ಮುಳುಗಿದಂತೆ, ಎರಡು ಇಂಚು ದಿಬ್ಬ ಎಂದರೆ ಬಂಡೆಯ ಮೇಲೆ ಬಿದ್ದಂತೆ. ಇಡೀ ಮಡಿಯಲ್ಲಿ ಏರುತಗ್ಗು ಎರಡು ಸೆಂಟಿಮೀಟರ್ ಮೀರದಂತೆ ಇರಬೇಕು. ಕೆಸರಿನಲ್ಲಿ ಹಲಗೆ ಹೊಡೆದು ಇಷ್ಟು ಸಾಧಿಸುತ್ತೇವೆ ಎಂಬುದು ದೊಡ್ಡ ಮಡಿಗಳಲ್ಲಿ ಆಗದ ಮಾತು, ಏಕೆಂದರೆ ಹಲಗೆ ಹತ್ತಿಪ್ಪತ್ತು ಅಡಿಯೊಳಗಿನ ಉಬ್ಬುತಗ್ಗನ್ನು ಸರಿಮಾಡುತ್ತದೆಯೇ ಹೊರತು ಮಡಿಯ ಈ ತುದಿಯಿಂದ ಆ ತುದಿಗೆ ಇರುವ ಇಳಿಜಾರನ್ನು ಮುಟ್ಟುವುದಿಲ್ಲ. ಅದಕ್ಕೆ ಬೇಸಿಗೆಯಲ್ಲಿ ಲೇಸರ್ ಲೆವೆಲರ್ ಓಡಿಸುವುದೇ ಸರಿಯಾದ ದಾರಿ. ಒಮ್ಮೆ ಮಾಡಿಸಿದರೆ ಮೂರು ನಾಲ್ಕು ವರ್ಷ ಬರುತ್ತದೆ, ಕಳೆ ಮತ್ತು ನೀರಿನ ಉಳಿತಾಯ ಬೇರೆ.

ಎರೆಭೂಮಿಯಲ್ಲಿ ಲೇಸರ್ ಮಟ್ಟ ಮಾಡಿಸುವವರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎತ್ತರದ ಭಾಗದಿಂದ ಒಂದೇ ಸಲ ಅರ್ಧ ಅಡಿ ಮಣ್ಣು ಕೆತ್ತಿದರೆ ಕೆಳಗಿನ ಬಡ ಮಣ್ಣು ಮೇಲೆ ಬರುತ್ತದೆ. ಅದರಲ್ಲಿ ಸಾವಯವ ಅಂಶ ಇರುವುದಿಲ್ಲ, ಸತು ಕಡಿಮೆ, ಹಲವು ಕಡೆ ಸುಣ್ಣದ ಹರಳುಗಳೂ ಉಪ್ಪಿನಂಶವೂ ಹೆಚ್ಚು. ಮೊದಲ ವರ್ಷ ಅಲ್ಲಿ ಪೈರು ಹಳದಿಯಾಗಿ ಕುಳ್ಳಗೆ ಉಳಿಯುವುದನ್ನು ನೋಡಿ "ಲೆವೆಲರ್‌ನಿಂದ ಭೂಮಿ ಕೆಟ್ಟಿತು" ಎಂದು ಬೇಸರಪಡುವವರನ್ನು ಕಂಡಿದ್ದೇನೆ. ಇಳಿಜಾರು ಹೆಚ್ಚಿದ್ದರೆ ದೊಡ್ಡ ಮಡಿಯನ್ನು ಒಡೆದು ಎರಡು ಮಡಿ ಮಾಡಿ, ನಡುವೆ ಒಂದು ಬದು ಹಾಕಿ, ಎರಡನ್ನೂ ಬೇರೆ ಬೇರೆ ಮಟ್ಟದಲ್ಲಿಡುವುದು ಮೇಲು. ಕೆತ್ತಿದ ಭಾಗಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಒಂದು ಪಾಲು ಹೆಚ್ಚಾಗಿ ಕೊಡಿ.

ಬೇಸಿಗೆಯಲ್ಲಿ ಒಂದು ಉಳುಮೆ ಆಗಿರಲಿ, ಹೆಂಟೆಗಳು ಬಿಸಿಲಿಗೆ ಚೆನ್ನಾಗಿ ಒಣಗಲಿ. ಎರೆಮಣ್ಣಿನ ಒಂದು ದೊಡ್ಡ ಗುಣವೆಂದರೆ, ಪೂರ್ತಿ ಒಣಗಿದ ಹೆಂಟೆ ನೀರು ಕುಡಿದಾಗ ಸುಣ್ಣದ ಕಲ್ಲಿನಂತೆ ತಾನೇ ಅರಳಿ ಪುಡಿಯಾಗುತ್ತದೆ. ಅರೆಹಸಿ ಹೆಂಟೆಯಾದರೆ ರೋಟವೇಟರ್ ಎಷ್ಟು ಸಲ ಓಡಿಸಿದರೂ ರಬ್ಬರಿನಂತೆ ಉರುಳಾಡುತ್ತದೆ. ಬಿಸಿಲು ಪುಕ್ಕಟೆಯಾಗಿ ಮಾಡಿಕೊಡುವ ಕೆಲಸಕ್ಕೆ ಡೀಸೆಲ್ ಸುಡಬೇಕಾಗಿಲ್ಲ. ಇನ್ನೊಂದು ವಿಷಯ ಬಿರುಕಿನದು. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕು ಬಿಟ್ಟ ಎರೆಗೆ ಹಾಗೆಯೇ ಕಾಲುವೆ ನೀರು ಬಿಟ್ಟರೆ ಮೊದಲ ದಿನಗಳ ನೀರೆಲ್ಲ ಬಿರುಕಿನೊಳಗೆ ಇಳಿದುಹೋಗುತ್ತದೆ. ಮುಂಗಾರಿನ ಮೊದಲ ಮಳೆಗೆ ಕಲ್ಟಿವೇಟರ್ ಅಥವಾ ಕುಂಟೆ ಹೊಡೆದು ಮೇಲಿನ ನಾಲ್ಕು ಇಂಚು ಮಣ್ಣನ್ನು ಸಡಿಲಿಸಿ ಬಿರುಕಿನ ಬಾಯಿ ಮುಚ್ಚಿಸಿದರೆ ಆ ನಷ್ಟ ಬಹಳಷ್ಟು ತಪ್ಪುತ್ತದೆ.

ಹಿಂದಿನ ಬೆಳೆಯ ಕೂಳೆ, ಹುಲ್ಲು ಅಥವಾ ಡಯಾಂಚದಂತಹ ಹಸಿರೆಲೆ ಗೊಬ್ಬರ ಇದ್ದರೆ ಅದು ಬಿತ್ತನೆಗೆ ಕನಿಷ್ಠ ಎರಡು ಮೂರು ವಾರ ಮೊದಲೇ ಮಣ್ಣು ಸೇರಿರಬೇಕು. ನಾಟಿಗೆ ಮೂರು ದಿನ ಮೊದಲು ಹಸಿರೆಲೆ ತುಳಿದು ಮಾಡಿದ ಗದ್ದೆಯಲ್ಲಿ ಸಸಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಮೊಳಕೆಗೆ ಆ ಶಕ್ತಿ ಇರುವುದಿಲ್ಲ: ಹಸಿ ಕಸ ಕೊಳೆಯುವಾಗ ಕೆಸರಿನಲ್ಲಿ ಉಳಿದಿದ್ದ ಸ್ವಲ್ಪ ಆಮ್ಲಜನಕವನ್ನೂ ಹೀರುತ್ತದೆ, ಹುಳಿಯನ್ನೂ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನೂ ಬಿಡುತ್ತದೆ. ಗದ್ದೆಯಲ್ಲಿ ಕಾಲಿಟ್ಟಾಗ ಗುಳ್ಳೆ ಎದ್ದು ಆ ವಾಸನೆ ಬಂದರೆ ಬಿತ್ತನೆಯನ್ನು ಮುಂದೂಡಿ, ನೀರು ಬಸಿದು ಒಂದೆರಡು ದಿನ ಗಾಳಿಯಾಡಲು ಬಿಡಿ.

ನೀರು ಬಂದ ಮೇಲೆ ಮೊದಲ ಕೆಸರು ಮಾಡಿ, ತಕ್ಷಣವೇ ಎರಡನೆಯದಕ್ಕೆ ಹೋಗಬೇಡಿ. ನಡುವೆ ಹತ್ತರಿಂದ ಹದಿನಾಲ್ಕು ದಿನ ಬಿಟ್ಟು, ಮಣ್ಣನ್ನು ತೇವವಾಗಿ ಮಾತ್ರ ಇಟ್ಟು, ನೀರು ನಿಲ್ಲಿಸದೆ ಕಳೆಬೀಜಗಳು ಹುಟ್ಟಲು ಅವಕಾಶ ಕೊಡಿ. ಕಾಡು ಹಾರಕ, ಜೇಕು ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕಾಡುಭತ್ತ ಆಗ ಹಸಿರು ಹಾಸಿದಂತೆ ಮೇಲೇಳುತ್ತವೆ. ಎರಡನೆಯ ಕೆಸರಿನಲ್ಲಿ ಅವನ್ನೆಲ್ಲ ಮಗುಚಿ ಹೂಳಬಹುದು. ನಾಟಿಯ ಗದ್ದೆಯಲ್ಲಿ ಕಳೆಯನ್ನು ಅಡಗಿಸುವುದು ನಿಂತ ನೀರು. ಮೊಳಕೆ ಭತ್ತದಲ್ಲಿ ಮೊದಲ ಹತ್ತು ದಿನ ನೀರು ನಿಲ್ಲಿಸುವಂತಿಲ್ಲ, ಕಳೆಯೂ ಬೆಳೆಯೂ ಒಂದೇ ದಿನ ಹುಟ್ಟುತ್ತವೆ. ಅದರಲ್ಲಿ ಕಾಡುಭತ್ತವು ಭತ್ತದ ಜಾತಿಯದೇ ಆದ್ದರಿಂದ ಭತ್ತವನ್ನು ಉಳಿಸಿ ಅದನ್ನು ಮಾತ್ರ ಕೊಲ್ಲುವ ಔಷಧಿಯನ್ನು ಸಾಮಾನ್ಯ ತಳಿಗಳ ಗದ್ದೆಯಲ್ಲಿ ಸಿಂಪಡಿಸುವಂತಿಲ್ಲ. ಕಾಲುವೆ ನೀರಿನ ಸರದಿಯಿಂದಾಗಿ ಹದಿನಾಲ್ಕು ದಿನ ಕಾಯಲಾಗದಿದ್ದರೆ ಏಳೆಂಟು ದಿನವಾದರೂ ಬಿಡಿ. ಮಳೆಯ ತೇವದಲ್ಲಿಯೇ ಕಳೆ ಹುಟ್ಟಿಸಿ ಹರಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಕೆಸರು ಎಷ್ಟು ಮಾಡಬೇಕು ಎಂಬುದರಲ್ಲಿ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಕೆಸರು ಬೆಣ್ಣೆಯಾದಷ್ಟೂ ಒಳ್ಳೆಯದು ಎಂದು ಕೇಜ್ ವೀಲ್ (ಕೆಸರಿಗೆಂದೇ ಇರುವ ಕಬ್ಬಿಣದ ಪಂಜರದಂತಹ ಗಾಲಿ) ಹಾಕಿದ ಟ್ರ್ಯಾಕ್ಟರನ್ನು ನಾಲ್ಕು ಐದು ಸಲ ಓಡಿಸುತ್ತಾರೆ. ಕೆಸರು ಮಾಡುವ ಉದ್ದೇಶಗಳಲ್ಲಿ ಒಂದು ನೀರು ಇಂಗದಂತೆ ತಡೆಯುವುದು. ಎರೆಯಲ್ಲಿ ಜೇಡಿಯ ಪ್ರಮಾಣವೇ ಹೆಚ್ಚಿರುವುದರಿಂದ, ಒಮ್ಮೆ ತೇವ ಕುಡಿದು ಉಬ್ಬಿದರೆ ನೀರು ಇಂಗುವುದು ತಾನಾಗಿಯೇ ಕಡಿಮೆ. ಹಾಗಿರುವಾಗ ಅತಿಯಾಗಿ ಕೆಸರು ಮಾಡುವುದರಿಂದ ಸಿಗುವುದು ಕಷ್ಟವೇ: ಮಣ್ಣಿನ ಸಣ್ಣ ಉಂಡೆಗಳೆಲ್ಲ ಒಡೆದು ಜೇಡಿ ಪೂರ್ತಿ ನೀರಿನಲ್ಲಿ ಬೆರೆಯುತ್ತದೆ, ಕೂರಲು ಒಂದು ದಿನ ಬೇಕಾದದ್ದಕ್ಕೆ ಮೂರು ದಿನ ಹಿಡಿಯುತ್ತದೆ, ಕೆಸರು ಆಳವಾಗಿ ಡ್ರಮ್ ಎಳೆಯುವವರು ಮೊಣಕಾಲವರೆಗೆ ಹೂತುಕೊಳ್ಳುತ್ತಾರೆ. ನಾಲ್ಕರಿಂದ ಐದು ಇಂಚು ಆಳದ ಕೆಸರು ಸಾಕು. ಕಳೆ ಹೂಳುವುದಕ್ಕೆ ಒಂದು, ಮಟ್ಟಕ್ಕೆ ಒಂದು, ಹೀಗೆ ಮೊದಲಿನದೂ ಸೇರಿ ಎರಡು, ಹೆಚ್ಚೆಂದರೆ ಮೂರು ಸಲ ಸಾಕು. ಕೊನೆಯ ಕೆಸರಿನ ಹೊತ್ತಿಗೆ ನೀರು ತುಂಬಾ ಇಟ್ಟುಕೊಳ್ಳಬೇಡಿ. ನೀರು ಹೆಚ್ಚಿದ್ದರೆ ದಿಬ್ಬ ಎಲ್ಲಿದೆ ತಗ್ಗು ಎಲ್ಲಿದೆ ಎಂಬುದೇ ಕಾಣುವುದಿಲ್ಲ. ಮಡಿಯಲ್ಲಿ ಅರ್ಧದಷ್ಟು ಕೆಸರು ಮೇಲೆ ಕಾಣುತ್ತ, ಅರ್ಧದಷ್ಟು ತೆಳುನೀರಿನಲ್ಲಿರುವಾಗ ಹಲಗೆ ಹೊಡೆದರೆ ಕಣ್ಣಿಗೆ ಮಟ್ಟ ಸರಿಯಾಗಿ ಗೋಚರಿಸುತ್ತದೆ.

ರಂಜಕ, ಪೊಟ್ಯಾಷ್ ಗೊಬ್ಬರಗಳನ್ನು ಈ ಕೊನೆಯ ಕೆಸರಿಗೆ ಸೇರಿಸಿ. ಯೂರಿಯಾವನ್ನು ಈಗ ಹಾಕಬೇಡಿ. ಬೇರೇ ಇಲ್ಲದ ಮೊಳಕೆ ಅದನ್ನು ತಿನ್ನಲಾರದು, ನೀರು ಬಸಿಯುವಾಗ ಒಂದು ಪಾಲು ಹರಿದುಹೋಗುತ್ತದೆ, ಉಳಿದದ್ದು ಕಳೆಗೂ ಪಾಚಿಗೂ ಆಗುತ್ತದೆ. ಅದರ ಮೊದಲ ಕಂತು ಬಿತ್ತಿ ಎರಡು ವಾರ ಕಳೆದ ಮೇಲೆ. ಎರೆಭೂಮಿಯಲ್ಲಿ ಸತುವಿನ ಕೊರತೆ ಸಾಮಾನ್ಯವಾದ್ದರಿಂದ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಕೊಡಬಹುದು, ಆದರೆ ರಂಜಕದ ಗೊಬ್ಬರದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಎರಚಿ.

ಇನ್ನು ಬೀಜ ಬೀಳುವ ಮುಂಚಿನ ಕಾಯುವಿಕೆ. ಹಲಗೆ ಹೊಡೆದ ಮೇಲೆ ಗದ್ದೆಯಲ್ಲಿ ಒಂದು ಇಂಚಿನಷ್ಟು ನೀರು ಬಿಟ್ಟು, ಯಾರೂ ಇಳಿಯದಂತೆ ನೋಡಿಕೊಳ್ಳಿ. ಮೊದಲು ಮರಳು, ಆಮೇಲೆ ಗೋಡು, ಎಲ್ಲಕ್ಕೂ ಕೊನೆಗೆ ಜೇಡಿ, ಹೀಗೆ ಭಾರದ ಕ್ರಮದಲ್ಲಿ ಕಣಗಳು ಇಳಿಯುತ್ತವೆ. ಕೆಂಪು ಗೋಡು ಮಣ್ಣಿನಲ್ಲಿ ಇದು ಅರ್ಧ ದಿನದಿಂದ ಒಂದು ದಿನದಲ್ಲಿ ಮುಗಿಯುತ್ತದೆ. ನಿಮ್ಮಂತಹ ಎರೆಯಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ದಿನ ಬೇಕು, ಮೋಡ ಕವಿದಿದ್ದರೆ ಇನ್ನೂ ಅರ್ಧ ದಿನ ಹೆಚ್ಚು. ಮೇಲಿನ ನೀರು ತಿಳಿಯಾಗುವವರೆಗೆ ಬಸಿಯಬೇಡಿ. ಬಗ್ಗಡವಾಗಿರುವಾಗಲೇ ಬಾಯಿ ತೆರೆದರೆ ಗದ್ದೆಯ ಅತ್ಯಂತ ಫಲವತ್ತಾದ ಜೇಡಿಯೂ ಆಗತಾನೇ ಹಾಕಿದ ಗೊಬ್ಬರವೂ ಬಸಿಗಾಲುವೆ ಸೇರುತ್ತವೆ. ನೀರು ತಿಳಿಯಾಗಿ, ತಳದ ಕೆಸರಿನ ಮೇಲೆ ನಿಮ್ಮ ನೆರಳು ಸ್ಪಷ್ಟವಾಗಿ ಕಂಡ ಮೇಲೆ ಮೆಲ್ಲಗೆ ಬಸಿಯಿರಿ.

ಬಸಿದ ಮೇಲೆ ಬೆರಳಿನ ಪರೀಕ್ಷೆ ಮಾಡಿ. ಬದುವಿನಿಂದ ನಾಲ್ಕು ಹೆಜ್ಜೆ ಒಳಗೆ ಹೋಗಿ, ತೋರುಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಕೆಸರಿನಲ್ಲಿ ಒಂದು ಗೇಣು ಉದ್ದದ ಗೀರು ಎಳೆಯಿರಿ. ಬೆರಳು ಎತ್ತಿದ ಕೂಡಲೇ ಎರಡೂ ಬದಿಯ ಕೆಸರು ಹರಿದು ಬಂದು ಗೀರು ಮುಚ್ಚಿಹೋದರೆ ಇನ್ನೂ ಹದವಾಗಿಲ್ಲ. ಗೀರಿನ ಅಂಚುಗಳು ಚಾಕುವಿನಿಂದ ಕೊಯ್ದ ಹಾಗೆ ನೆಟ್ಟಗೆ ನಿಂತು ಅಲುಗಾಡದಿದ್ದರೆ ಹದ ಮೀರಿದೆ. ಅಂಚುಗಳು ನಿಧಾನವಾಗಿ ಬಾಗಿ, ನೀವು ಹತ್ತಿಪ್ಪತ್ತು ಎಣಿಸುವಷ್ಟರಲ್ಲಿ ಗೀರು ಅರ್ಧಕ್ಕರ್ಧ ತುಂಬಿ ಅಲ್ಲಿಗೆ ನಿಂತರೆ ಅದೇ ಬಿತ್ತನೆಯ ಹದ. ಖಾತ್ರಿಗಾಗಿ ಹತ್ತು ಮೊಳಕೆ ಬೀಜಗಳನ್ನು ಸೊಂಟದೆತ್ತರದಿಂದ ಬಿಟ್ಟು ನೋಡಿ. ಬೀಜ ಕೆಸರಿಗೆ ಕಚ್ಚಿಕೊಂಡು ಅದರ ಬೆನ್ನು ಕಾಣುತ್ತಿರಬೇಕು. ಪೂರ್ತಿ ಮಾಯವಾಗಬಾರದು, ಪುಟಿದು ಅಡ್ಡ ಬೀಳಲೂಬಾರದು. ಈ ಪರೀಕ್ಷೆಯನ್ನು ನೀರು ಒಳಬರುವ ಬಾಯಿಯ ಹತ್ತಿರ, ಮಡಿಯ ನಡುವೆ, ನೀರು ಹೊರಹೋಗುವ ತುದಿಯಲ್ಲಿ, ಮೂರೂ ಕಡೆ ಮಾಡಲೇಬೇಕು. ಕಾಲುವೆ ನೀರಿನ ಜೊತೆ ಬರುವ ಗೋಡು ಬಾಯಿಯ ಹತ್ತಿರವೇ ಇಳಿಯುವುದರಿಂದ ಅಲ್ಲಿ ಕೆಸರು ಬೇಗ ಗಟ್ಟಿಯಾಗುತ್ತದೆ. ತುದಿಯಲ್ಲಿ ಬರೀ ನಯವಾದ ಜೇಡಿ ಸೇರಿ ತಡವಾಗುತ್ತದೆ. ನಿಮಗೆ ಹೋದ ವರ್ಷ ಒಂದು ಎಕರೆ ಮಾತ್ರ ಚೆನ್ನಾಗಿ ಬಂದದ್ದು ಬಾಯಿಯ ಕಡೆಯ ಎಕರೆಯೇ ಎಂದು ನೆನಪಿಸಿಕೊಂಡು ನೋಡಿ.

ಮೂರು ನಾಲ್ಕು ದಿನ ಕಾದರೂ ನೀರು ತಿಳಿಯಾಗದೆ ಹಾಲು ಹಾಕದ ಚಹಾದ ಬಣ್ಣದಲ್ಲಿಯೇ ನಿಂತರೆ ಅದು ಬೇರೆಯೇ ಸೂಚನೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಬಸಿಯುವಿಕೆ ಸರಿಯಿಲ್ಲದ ತಗ್ಗು ಪ್ರದೇಶಗಳು ಸವಳು, ಕ್ಷಾರದ ತೊಂದರೆಗೆ ಒಳಗಾಗಿರುವುದು ನಿಮಗೆ ಗೊತ್ತೇ ಇದೆ. ಸೋಡಿಯಂ ಹೆಚ್ಚಾದ ಮಣ್ಣಿನಲ್ಲಿ ಜೇಡಿಯ ಕಣಗಳು ಒಂದನ್ನೊಂದು ಕೂಡಿಕೊಳ್ಳದೆ ನೀರಿನಲ್ಲಿ ತೇಲುತ್ತಲೇ ಇರುತ್ತವೆ, ಕೊನೆಗೆ ಕೂತಾಗ ಮೇಲೆ ಗಾಳಿಯಾಡದ ಹಪ್ಪಳದಂತಹ ಪದರ ಕಟ್ಟುತ್ತದೆ. ಅಂತಹ ಮಡಿಯ ಮಣ್ಣನ್ನು ಪರೀಕ್ಷೆ ಮಾಡಿಸಿ, ರಸಸಾರ (ಪಿಎಚ್) 8.5 ದಾಟಿದ್ದು, ಮಣ್ಣು ಹಿಡಿದಿಟ್ಟುಕೊಂಡ ಕ್ಷಾರಾಂಶಗಳಲ್ಲಿ ಸೋಡಿಯಂ ಪಾಲು ಶೇಕಡಾ 15ಕ್ಕಿಂತ ಹೆಚ್ಚಿದ್ದರೆ ಜಿಪ್ಸಂ ಕೊಟ್ಟು, ನೀರು ನಿಲ್ಲಿಸಿ ಬಸಿದು, ಭೂಮಿಯನ್ನು ಸುಧಾರಿಸಿಕೊಂಡ ಮೇಲೆಯೇ ಕೆಸರು ಬಿತ್ತನೆಗೆ ಕೈ ಹಾಕಿ. ಅಲ್ಲಿಯವರೆಗೆ ಆ ಮಡಿಗೆ ವಯಸ್ಸಾದ ಸಸಿಯ ನಾಟಿಯೇ ಸುರಕ್ಷಿತ.

ಗದ್ದೆ ಎರಡು ದಿನ ಕಾಯಿಸುವುದರಿಂದ ಬೀಜವನ್ನೂ ಅದರ ಲೆಕ್ಕದಲ್ಲಿಯೇ ನೆನೆಹಾಕಬೇಕು. ಉಪ್ಪುನೀರಿನಲ್ಲಿ ಜೊಳ್ಳು ತೆಗೆದು, ಸಿಹಿನೀರಿನಲ್ಲಿ ಎರಡು ಸಲ ತೊಳೆದ ಬೀಜವನ್ನು 24 ಗಂಟೆ ನೆನೆಸಿ, ಇನ್ನು 24 ಗಂಟೆ ಗೋಣಿಚೀಲದಲ್ಲಿ ಮೊಳಕೆ ಕಟ್ಟಿದರೆ ಒಟ್ಟು ಎರಡು ದಿನ. ಆದ್ದರಿಂದ ಕೊನೆಯ ಹಲಗೆ ಹೊಡೆಯುವ ದಿನದ ಬೆಳಿಗ್ಗೆ ಬೀಜ ನೀರಿಗೆ ಬಿದ್ದರೆ ಎರಡೂ ಒಟ್ಟಿಗೆ ಹದಕ್ಕೆ ಬರುತ್ತವೆ. ಡ್ರಮ್ ಸೀಡರಿಗೆ ಮೊಳಕೆ ಬಿಳಿ ಚುಕ್ಕೆಯಂತೆ ಕಂಡರೆ ಸಾಕು, ಒಂದೆರಡು ಮಿಲಿಮೀಟರ್ ಮೀರಬಾರದು. ಉದ್ದವಾದರೆ ಒಂದಕ್ಕೊಂದು ಹೆಣೆದುಕೊಂಡು ರಂಧ್ರದಿಂದ ಬೀಳುವುದಿಲ್ಲ. ಗದ್ದೆ ಇನ್ನೂ ಹದವಾಗದೆ ಬೀಜ ಮುಂದೆ ಹೋಗುತ್ತಿದ್ದರೆ ಗೋಣಿಯಿಂದ ತೆಗೆದು ನೆರಳಿನಲ್ಲಿ ತೆಳ್ಳಗೆ ಹರಡಿ; ಕಾವು ಕಳೆದುಕೊಂಡ ಮೊಳಕೆ ಅರ್ಧ ದಿನ ತಡೆದುಕೊಳ್ಳುತ್ತದೆ. ಬೀಜ ಸಿದ್ಧವಾಯಿತೆಂದು ಹದವಾಗದ ಗದ್ದೆಗೆ ಬಿತ್ತುವುದೇ ನಾನು ಅತಿ ಹೆಚ್ಚು ಸಲ ಕಂಡಿರುವ ತಪ್ಪು. ಎಕರೆಗೆ 10ರಿಂದ 12 ಕಿಲೋ ಬೀಜ ಸಾಕು. ಡ್ರಮ್ಮುಗಳನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬೇಡಿ, ತುಂಬಿದರೆ ಒಳಗೆ ಬೀಜ ಉರುಳದೆ ಸಾಲಿನಲ್ಲಿ ಖಾಲಿ ಬೀಳುತ್ತದೆ.

ಬಿತ್ತುವಾಗ ಹೆಜ್ಜೆಗುರುತಿನ ಕಡೆ ಗಮನವಿರಲಿ. ಒಮ್ಮೆ ಕಾರಟಗಿ ಕಡೆಯ ಒಂದು ಗದ್ದೆಯಲ್ಲಿ ಸಾಲು ಸಾಲಾಗಿ, ಅಳೆದಿಟ್ಟಂತೆ ಒಂದೊಂದು ಹೆಜ್ಜೆಗೆ ಒಂದು ಗುಂಡಿ ಬರಿದಾಗಿ ಕಾಣುತ್ತಿತ್ತು. ಡ್ರಮ್ ಎಳೆದವರು ಬಿತ್ತಿದ ಸಾಲಿನ ಮೇಲೆಯೇ ಹಿಂದಕ್ಕೆ ನಡೆದು ಬಂದಿದ್ದರು. ಪಾದದ ಗುಂಡಿಗಳಲ್ಲಿ ನೀರು ನಿಂತು ಅಲ್ಲಿನ ಬೀಜವೆಲ್ಲ ಕೊಳೆತಿತ್ತು. ಎಳೆಯುವವರು ಎರಡು ಸಾಲುಗಳ ನಡುವೆ ಹೆಜ್ಜೆಯಿಡಬೇಕು, ಬಿತ್ತಿದ ಕಡೆ ಮರಳಿ ಕಾಲಿಡದಂತೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಬೇಕು. ಎಂಟು ಸಾಲಿನ ಸೀಡರ್ ಒಂದು ಸುತ್ತಿಗೆ 1.6 ಮೀಟರ್ ಅಗಲ ಬಿತ್ತುತ್ತದೆ. ಹದವಾದ ಕೆಸರಿನಲ್ಲಿ ಇಬ್ಬರು ಬದಲಿಸಿಕೊಂಡು ಎಳೆದರೆ ದಿನಕ್ಕೆ ಎರಡು ಎಕರೆಗೆ ಮೋಸವಿಲ್ಲ.

ಬಿತ್ತನೆಗೆ ಮುಂಚೆಯೇ, ನೀರು ಬಸಿಯುವಾಗ, ಸಣ್ಣ ಬಸಿಗಾಲುವೆಗಳನ್ನು ಎಳೆದಿಟ್ಟುಕೊಂಡರೆ ಬಹಳ ಅನುಕೂಲ. ಅರ್ಧ ಚೀಲ ಮರಳು ತುಂಬಿದ ಗೋಣಿಗೆ ಹಗ್ಗ ಕಟ್ಟಿ ಮಡಿಯ ಉದ್ದಕ್ಕೂ ಎಳೆದುಕೊಂಡು ಹೋದರೆ ಬೆರಳುದ್ದ ಆಳದ ಜಾಡು ಬೀಳುತ್ತದೆ. ಹತ್ತು ಹನ್ನೆರಡು ಅಡಿಗೊಂದು ಅಂತಹ ಜಾಡು, ಅವೆಲ್ಲ ಸೇರುವಂತೆ ಬದುವಿನ ಒಳಬದಿಯಲ್ಲಿ ಒಂದು ಕಾಲುವೆ ಇದ್ದರೆ, ತಗ್ಗಿನಲ್ಲಿ ನಿಂತ ನೀರು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಮುಂದೆ ಔಷಧಿ ಹೊಡೆಯಲು, ಗೊಬ್ಬರ ಎರಚಲು ನಡೆಯುವ ದಾರಿಯೂ ಅದೇ.

ಬಿತ್ತಿದ ಮೊದಲ ಎರಡು ಮೂರು ದಿನ ನೀರು ಕೊಡುವ ಮಾತೇ ಇಲ್ಲ. ಆಮೇಲೆ ಮೇಲ್ಮೈ ಒಣಗಿ ಕೂದಲೆಳೆಯಂತಹ ಬಿರುಕು ಕಂಡಾಗ ತೆಳುವಾಗಿ ಹಾಯಿಸಿ, ಎರಡು ಮೂರು ಗಂಟೆಯ ನಂತರ ಬಸಿಯಿರಿ. ಕೂದಲೆಳೆ ಬಿರುಕಿಗೆ ಹೆದರಬೇಡಿ. ಅದರ ಮೂಲಕವೇ ಬೇರಿಗೆ ಗಾಳಿ ಹೋಗುತ್ತದೆ, ಬೇರು ಕೆಳಗಿಳಿಯುತ್ತದೆ. ಎರೆಯಲ್ಲಿ ಅದು ಬೆರಳು ತೂರುವಷ್ಟು ಅಗಲವಾಗಲು ಮಾತ್ರ ಬಿಡಬಾರದು, ಎಳೆಯ ಬೇರು ಹರಿಯುತ್ತದೆ. ಸಸಿಗೆ ಮೂರು ನಾಲ್ಕು ಎಲೆ ಬಂದ ಮೇಲೆ, ಸುಮಾರು ಹನ್ನೆರಡರಿಂದ ಹದಿನೈದನೆಯ ದಿನದಿಂದ, ಒಂದು ಇಂಚು ನೀರು ನಿಲ್ಲಿಸುತ್ತ ಹೋಗಬಹುದು.

ಕಳೆನಾಶಕದ ವಿಷಯದಲ್ಲಿ ಒಂದೇ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ನಾಟಿ ಗದ್ದೆಗೆ ಬಳಸುವ ಪ್ರೆಟಿಲಾಕ್ಲೋರ್ ಶೇಕಡಾ 50ರದ್ದು. ಅದನ್ನು ಮೊಳಕೆ ಭತ್ತಕ್ಕೆ ಹೊಡೆದರೆ ಭತ್ತವೂ ಸಾಯುತ್ತದೆ. ಮೊಳಕೆ ಭತ್ತಕ್ಕೆ ಬೆಳೆಯನ್ನು ಕಾಯುವ ಸೇಫ್ನರ್ ಸೇರಿಸಿದ, ಶೇಕಡಾ 30.7ರ ಪ್ರೆಟಿಲಾಕ್ಲೋರ್ ಬೇರೆ ಇದೆ. ಎಕರೆಗೆ 600 ಮಿಲಿಲೀಟರಿನಂತೆ, ಬಿತ್ತಿದ ಮೂರರಿಂದ ಐದನೆಯ ದಿನದೊಳಗೆ, ನೀರು ನಿಲ್ಲದ ಆದರೆ ಪೂರ್ತಿ ತೇವವಿರುವ ಕೆಸರಿಗೆ ಅದನ್ನು ಸಿಂಪಡಿಸಬೇಕು. ಅಂಗಡಿಯಲ್ಲಿ ಹೆಸರಿನ ಮೊದಲರ್ಧವನ್ನಷ್ಟೇ ಹೇಳಿ ತರಬೇಡಿ, ಡಬ್ಬಿಯ ಮೇಲೆ ಸೇಫ್ನರ್ ಎಂದು ಬರೆದಿರುವುದನ್ನು ಓದಿಯೇ ತೆಗೆದುಕೊಳ್ಳಿ. ಅದನ್ನೂ ದಾಟಿ ಬಂದ ಕಳೆಗೆ ಹದಿನೈದರಿಂದ ಇಪ್ಪತ್ತೈದನೆಯ ದಿನದ ನಡುವೆ, ಕಳೆ ಎರಡರಿಂದ ನಾಲ್ಕು ಎಲೆಯ ಹಂತದಲ್ಲಿರುವಾಗ, ನೀರು ಬಸಿದು ಬಿಸ್ಪೈರಿಬ್ಯಾಕ್ ಸೋಡಿಯಂ ಶೇಕಡಾ 10ರದ್ದನ್ನು ಎಕರೆಗೆ 80ರಿಂದ 100 ಮಿಲಿಲೀಟರ್ ಸಿಂಪಡಿಸಿ, ಎರಡು ಮೂರು ದಿನದೊಳಗೆ ನೀರು ಕಟ್ಟಿ. ಸಾಲಿನ ಬಿತ್ತನೆಯಾದ್ದರಿಂದ ಸಾಲುಗಳ ನಡುವೆ ಕೈಯಿಂದ ತಳ್ಳಿ ಕಳೆ ತೆಗೆಯುವ ಕೋನೋವೀಡರ್ ಉರುಳಿಸಲೂ ಆಗುತ್ತದೆ.

ತಳಿಯ ಬಗ್ಗೆ ನೀವು ಕೇಳಿಲ್ಲವಾದರೂ ಭೂಮಿಯ ಸಿದ್ಧತೆಗೆ ಅದು ತಳಕು ಹಾಕಿಕೊಂಡಿದೆ. ಕಳೆ ಹುಟ್ಟಿಸಿ ಕೆಡಿಸಲು ಎರಡು ವಾರ ಬೇಕೆಂದೆ. ಸುಮಾರು 145ರಿಂದ 150 ದಿನ ತೆಗೆದುಕೊಳ್ಳುವ ಬಿಪಿಟಿ 5204ಕ್ಕೆ ಈ ಎರಡು ವಾರವನ್ನು ಸೇರಿಸಿದರೆ ಕಟಾವು ಹಿಂದಕ್ಕೆ ಹೋಗಿ ಬೇಸಿಗೆ ಬೆಳೆಗೆ ತೊಡಕಾಗಬಹುದು. ಸುಮಾರು 125 ದಿನದ ಆರ್‌ಎನ್‌ಆರ್ 15048ರಂತಹ ತಳಿಗೆ ಆ ಅವಸರವಿಲ್ಲ. ಕಿತ್ತು ನೆಡುವ ಪೆಟ್ಟು ಇಲ್ಲದ್ದರಿಂದ ಮೊಳಕೆ ಭತ್ತ ನಾಟಿಗಿಂತ ಏಳರಿಂದ ಹತ್ತು ದಿನ ಮೊದಲೇ ಮಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆದರೆ ಮೇಲ್ಮೈಯಲ್ಲಿ ಬಿತ್ತಿದ ಪೈರಿನ ಬುಡ ಮಣ್ಣಿನಲ್ಲಿ ಆಳವಾಗಿ ಹುಗಿದಿರುವುದಿಲ್ಲ, ಸಾರಜನಕ ಹೆಚ್ಚಾದರೆ ಮಲಗುತ್ತದೆ. ತೆಂಡೆ ಒಡೆಯುವುದು ಮುಗಿಯುವ ಹೊತ್ತಿಗೆ ಒಮ್ಮೆ ನೀರು ಬಸಿದು ಕೆಸರನ್ನು ಗಟ್ಟಿಯಾಗಿಸಿದರೆ ಬುಡ ನಿಲ್ಲುತ್ತದೆ.

ನಿಮ್ಮ ಜಮೀನು ಉಪಕಾಲುವೆಯ ಕೊನೆಭಾಗದಲ್ಲಿದ್ದು, ನೀರು ಯಾವಾಗ ಬರುವುದೋ ತಿಳಿಯದ ಪರಿಸ್ಥಿತಿ ಇದ್ದರೆ ಮೇಲೆ ಹೇಳಿದ ಕ್ರಮವನ್ನು ನಾನು ಸೂಚಿಸುವುದಿಲ್ಲ. ಬೇಕೆಂದಾಗ ನೀರು ಹಾಯಿಸುವುದು, ಬೇಡವೆಂದಾಗ ಬಸಿಯುವುದು, ಎರಡೂ ನಿಮ್ಮ ಕೈಯಲ್ಲಿರಬೇಕು. ಅದಿಲ್ಲದವರು ಮುಂಗಾರಿನ ತೇವದಲ್ಲಿ ಒಣಭೂಮಿಗೆ ಕೂರಿಗೆಯಿಂದ ಬಿತ್ತಿ, ಕಾಲುವೆ ನೀರು ಬಂದಾಗ ಹಾಯಿಸಿಕೊಳ್ಳುವುದು ಲೇಸು. ಧಾರವಾಡ, ಹಾವೇರಿ ಕಡೆಯ ರೈತರಿಗೆ ಕೂರಿಗೆ ಭತ್ತ ತಲೆಮಾರುಗಳಿಂದ ಗೊತ್ತಿರುವ ಪದ್ಧತಿ. ಎರೆಯಲ್ಲಿಯೂ ಅದು ಚೆನ್ನಾಗಿಯೇ ಬರುತ್ತದೆ.

ಕೊನೆಯದಾಗಿ ಮಳೆಯ ವಿಷಯ. ಬಿತ್ತಿದ ರಾತ್ರಿಯೇ ಜೋರು ಮಳೆ ಬಂದರೆ ಇಷ್ಟೆಲ್ಲ ಮಾಡಿದ ಮೇಲೂ ಬೀಜ ಕೊಚ್ಚಿಹೋಗಿ ತಗ್ಗಿಗೆ ರಾಶಿ ಬೀಳಬಹುದು. ಬಿತ್ತನೆ ಮುಗಿದ ಸಂಜೆ ಮನೆಗೆ ಹೋಗುವ ಮುಂಚೆ ಮಡಿಯ ಹೊರಬಾಯಿಯನ್ನು ಕೆಸರಿನ ಮಟ್ಟಕ್ಕೆ ಸರಿಯಾಗಿ ತೆರೆದು, ಬೀಜ ಹೊರಹೋಗದಂತೆ ಒಂದು ಹಿಡಿ ಹುಲ್ಲನ್ನು ಅಡ್ಡ ಇಟ್ಟು ಬನ್ನಿ. ಮಳೆಯಾದರೆ ಐದನೆಯ ದಿನದವರೆಗೆ ಕಾದು ನೋಡಿ, ಗಾಬರಿಯಿಂದ ಮರುದಿನವೇ ಮತ್ತೆ ಬಿತ್ತಬೇಡಿ. ಅದೇ ಮೊಳಕೆ ಬೀಜದಿಂದ ಎರಡು ಕಿಲೋ ಎತ್ತಿಟ್ಟುಕೊಂಡು, ಬದುವಿನ ಪಕ್ಕದ ಒಂದು ಗುಂಟೆಯಲ್ಲಿ ಸಸಿಮಡಿ ಮಾಡಿಟ್ಟಿದ್ದರೆ, ಇಪ್ಪತ್ತನೆಯ ದಿನದ ಹೊತ್ತಿಗೆ ಖಾಲಿ ಬಿದ್ದ ಜಾಗಗಳಿಗೆ ಅದೇ ವಯಸ್ಸಿನ, ಅದೇ ತಳಿಯ ಸಸಿ ನಿಮ್ಮ ಗದ್ದೆಯಲ್ಲಿಯೇ ಸಿಗುತ್ತದೆ; ಹೋದ ವರ್ಷದಂತೆ ಬೇರೆಯವರ ಸಸಿಗಾಗಿ ಊರೂರು ಅಲೆಯಬೇಕಾಗುವುದಿಲ್ಲ.